ಕಾಯಿಲೆ ಬೀಳದವರನ್ನೂ ಕೇಳಿ: ರೋಗ ಹರಡಿದಾಗ ತನಿಖೆ ಮತ್ತು ತಡೆ

ಒಂದೇ ಕಡೆ ಒಂದೇ ಬಗೆಯ ಕಾಯಿಲೆ ಇದ್ದಕ್ಕಿದ್ದಂತೆ ಹೆಚ್ಚಾದಾಗ ಎಲ್ಲರ ಗಮನ ಹಾಸಿಗೆ ಹಿಡಿದವರ ಮೇಲೆಯೇ ಇರುತ್ತದೆ. ಚಿಕಿತ್ಸೆ ಕೊಡುವವರಿಗೆ ಅದು ಸರಿಯೇ. ಆದರೆ ರೋಗ ಎಲ್ಲಿಂದ ಬಂತು, ಅದನ್ನು ಎಲ್ಲಿ ತಡೆಯಬೇಕು ಎಂದು ಹುಡುಕುವವರಿಗೆ ಆರೋಗ್ಯವಾಗಿ ಉಳಿದವರೂ ರೋಗಿಗಳಷ್ಟೇ ಮುಖ್ಯರು. ಅದೇ ನೀರು, ಅದೇ ಊಟ, ಅದೇ ಕೋಣೆ. ಆದರೂ ಇವರೇಕೆ ಪಾರಾದರು?

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಎದ್ದಿತು. 600ಕ್ಕೂ ಹೆಚ್ಚು ಜನ ಸತ್ತರು. ವೈದ್ಯ ಜಾನ್ ಸ್ನೋ ಸಾವುಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅವು ಆ ಬೀದಿಯ ಸಾರ್ವಜನಿಕ ನೀರಿನ ಪಂಪಿನ ಸುತ್ತ ಕೂಡಿರುವುದನ್ನು ತೋರಿಸಿದ ಕತೆ ಪ್ರಸಿದ್ಧ. ಆ ನಕ್ಷೆಯಷ್ಟೇ ಬಲವಾದ ಸಾಕ್ಷ್ಯ ಸಾಯದವರಿಂದ ಬಂದದ್ದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆ ಬೀದಿಯ ಮದ್ಯ ತಯಾರಿಕಾ ಘಟಕದ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರಿಗೆ ಕುಡಿಯಲು ಅಲ್ಲಿನ ಮದ್ಯವೇ ಸಿಗುತ್ತಿತ್ತು, ಘಟಕದೊಳಗೆ ಸ್ವಂತ ಬಾವಿಯೂ ಇತ್ತು. ಹತ್ತಿರದ ಅನಾಥಾಲಯದಂಥ ದುಡಿಮೆಮನೆಯಲ್ಲಿ 535 ಜನರಿದ್ದರೂ ಸತ್ತವರು ಐವರು. ಅಲ್ಲಿಯೂ ಬೇರೆ ಬಾವಿ. ಕೇರಿ ಒಂದೇ, ಗಾಳಿ ಒಂದೇ, ನೀರು ಮಾತ್ರ ಬೇರೆ. ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಎಂಬ ಅಂದಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ರೋಗಸ್ಫೋಟದ ತನಿಖೆಗೆ ಹೊಸದಾಗಿ ಇಳಿಯುವ ಆರೋಗ್ಯ ಕಾರ್ಯಕರ್ತರು, ವಿದ್ಯಾರ್ಥಿಗಳು, ವಸತಿಶಾಲೆ ಅಥವಾ ಕಾರ್ಖಾನೆಯ ಹೊಣೆ ಹೊತ್ತವರು ಏನನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಮುಂದೆ ಬರೆದಿದ್ದೇನೆ. ಕ್ರಮ ಎಂದರೂ ವಾಸ್ತವದಲ್ಲಿ ಮೂರು ನಾಲ್ಕು ಕೆಲಸಗಳು ಒಟ್ಟಿಗೇ ನಡೆಯುತ್ತವೆ.

1. ಏರಿಕೆ ನಿಜವೇ ಎಂದು ನೋಡಿ

ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ರೋಗ ಹೆಚ್ಚಾಗಿದೆ ಎಂದಲ್ಲ. ಹೊಸ ಪರೀಕ್ಷಾ ಕಿಟ್ ಬಂದಿರಬಹುದು, ಚುರುಕಾದ ವೈದ್ಯರೊಬ್ಬರು ವರದಿ ಮಾಡಲು ಆರಂಭಿಸಿರಬಹುದು, ರಜೆಯಲ್ಲಿ ಬಾಕಿ ಉಳಿದ ವರದಿಗಳೆಲ್ಲ ಒಂದೇ ದಿನ ದಾಖಲಾಗಿರಬಹುದು. ಹೋಲಿಸಬೇಕಾದದ್ದು ಹಿಂದಿನ ವರ್ಷಗಳ ಇದೇ ವಾರಗಳ ಸಂಖ್ಯೆಯೊಂದಿಗೆ. ಜ್ವರ, ಭೇದಿಗಳಿಗೆ ಋತುಮಾನದ ಏರಿಳಿತ ಇದ್ದೇ ಇರುತ್ತದೆ. ಕಳೆದ ತಿಂಗಳಿಗಿಂತ ಹೆಚ್ಚಾಯಿತು ಎಂಬ ಒಂದೇ ಮಾತಿನಿಂದ ಏನೂ ತಿಳಿಯುವುದಿಲ್ಲ.

ಕೆಲವು ರೋಗಗಳಿಗೆ ಈ ತೂಕ ಬೇಡ. ಪೋಲಿಯೊ ಅಥವಾ ಎಬೋಲಾದ ಒಂದೇ ಒಂದು ಪ್ರಕರಣ ಸಿಕ್ಕರೂ ಅದನ್ನು ಸ್ಫೋಟವೆಂದೇ ಎಣಿಸಿ ಕೆಲಸ ಶುರು ಮಾಡಬೇಕು.

2. ಎಣಿಸುವ ಮೊದಲು, ಯಾರನ್ನು ಎಣಿಸುತ್ತೀರಿ ಎಂದು ಬರೆದುಕೊಳ್ಳಿ

ಇದನ್ನು ಪ್ರಕರಣದ ವ್ಯಾಖ್ಯಾನ ಎನ್ನುತ್ತಾರೆ. ಲಕ್ಷಣ, ಸ್ಥಳ, ಕಾಲ, ವ್ಯಕ್ತಿ ಈ ನಾಲ್ಕೂ ಅದರಲ್ಲಿರಬೇಕು. ಉದಾಹರಣೆಗೆ: "ಈ ವಸತಿನಿಲಯದಲ್ಲಿ ವಾಸಿಸುವ ಅಥವಾ ಕೆಲಸ ಮಾಡುವ, ಇಂಥ ದಿನಾಂಕದಿಂದ ಈಚೆಗೆ 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ ನೀರು ಭೇದಿಯಾದ ಯಾರೇ ಆದರೂ." ಪ್ರಯೋಗಾಲಯದಲ್ಲಿ ದೃಢಪಟ್ಟವರನ್ನು, ಲಕ್ಷಣದಿಂದ ಬಹುಮಟ್ಟಿಗೆ ಖಚಿತವೆನಿಸಿದವರನ್ನು, ಬರೀ ಶಂಕಿತರನ್ನು ಬೇರೆ ಬೇರೆ ಗುರುತಿಸಿ. ಆರಂಭದಲ್ಲಿ ಬಲೆ ಅಗಲವಾಗಿರಲಿ, ಮಾಹಿತಿ ಕೂಡಿದ ಮೇಲೆ ಬಿಗಿಗೊಳಿಸಬಹುದು.

ಒಂದು ಎಚ್ಚರಿಕೆ. ನಿಮ್ಮ ಅನುಮಾನವನ್ನು ವ್ಯಾಖ್ಯಾನದೊಳಗೆ ಸೇರಿಸಬೇಡಿ. "ಕ್ಯಾಂಟೀನಿನಲ್ಲಿ ಉಂಡು ಭೇದಿಯಾದವರು" ಎಂದು ಬರೆದರೆ, ಅಲ್ಲಿ ಉಣ್ಣದೆ ಭೇದಿಯಾದವರು ಪಟ್ಟಿಗೇ ಬರುವುದಿಲ್ಲ. ಆಗ ಕ್ಯಾಂಟೀನೇ ಕಾರಣವೆಂದು ಪಟ್ಟಿ ಹೇಳುತ್ತದೆ. ಹೇಳದೆ ಬೇರೆ ದಾರಿಯೇ ಅದಕ್ಕಿರುವುದಿಲ್ಲ.

3. ಪಟ್ಟಿ ಮಾಡಿ

ಒಬ್ಬರಿಗೆ ಒಂದು ಸಾಲು: ಗುರುತಿನ ಸಂಖ್ಯೆ, ವಯಸ್ಸು, ಲಿಂಗ, ಇರುವ ಜಾಗ, ಕೆಲಸ, ಲಕ್ಷಣ ಆರಂಭವಾದ ದಿನ ಮತ್ತು ಗಂಟೆ, ಲಕ್ಷಣಗಳು, ಪರೀಕ್ಷೆಯ ಫಲಿತಾಂಶ, ಲಸಿಕೆಯ ವಿವರ, ಗುಣವಾಯಿತೇ ಇಲ್ಲವೇ. ಆಸ್ಪತ್ರೆಗೆ ಬಂದ ದಿನವನ್ನಲ್ಲ, ಲಕ್ಷಣ ಆರಂಭವಾದ ದಿನವನ್ನೇ ಬರೆಯಬೇಕು. ಜನ ಆಸ್ಪತ್ರೆಗೆ ಬರುವುದು ತಮ್ಮ ಅನುಕೂಲ ನೋಡಿಕೊಂಡು, ರೋಗಾಣು ಹಾಗಲ್ಲ. ಹೆಸರು, ವಿಳಾಸಗಳಿರುವ ಪುಸ್ತಕ ಒಬ್ಬರ ಬಳಿ ಮಾತ್ರ ಇರಲಿ, ಹಂಚಿಕೊಳ್ಳುವ ಪ್ರತಿಯಲ್ಲಿ ಸಂಖ್ಯೆ ಸಾಕು.

ಆಸ್ಪತ್ರೆಗೆ ಬಂದವರಷ್ಟೇ ರೋಗಿಗಳಲ್ಲ. ಮನೆಮನೆಗೆ ಹೋಗಿ, ಶಾಲೆಯ ಗೈರುಹಾಜರಿ ನೋಡಿ, ಔಷಧಿ ಅಂಗಡಿಯಲ್ಲಿ ಯಾವ ಮಾತ್ರೆ ಹೆಚ್ಚು ಖರ್ಚಾಗುತ್ತಿದೆ ಎಂದು ವಿಚಾರಿಸಿ.

4. ದಿನಗಳ ಸಾಲಿನ ಮೇಲೆ ರೋಗಿಗಳನ್ನು ನಿಲ್ಲಿಸಿ

ಕಾಗದದ ಅಡ್ಡಗೆರೆಯ ಮೇಲೆ ದಿನಾಂಕ ಅಥವಾ ಗಂಟೆ, ಅದರ ಮೇಲೆ ಆ ಹೊತ್ತಿನಲ್ಲಿ ಕಾಯಿಲೆ ಬಿದ್ದ ಒಬ್ಬೊಬ್ಬರಿಗೂ ಒಂದೊಂದು ಚೌಕ. ಚೌಕಗಳು ಕೂಡಿ ಮೂಡುವ ಆಕಾರ ಬಹಳಷ್ಟನ್ನು ಹೇಳುತ್ತದೆ.

ಥಟ್ಟನೆ ಏರಿ, ಸ್ವಲ್ಪ ನಿಧಾನವಾಗಿ ಇಳಿದು, ಒಂದು ಸುಪ್ತಾವಧಿಯೊಳಗೆ ಮುಗಿದರೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ, ಒಂದೇ ಮೂಲದಿಂದ ಸೋಂಕು ತಗುಲಿರಬೇಕು. ಸುಪ್ತಾವಧಿ ಎಂದರೆ ಸೋಂಕು ಒಳಹೊಕ್ಕಾಗಿನಿಂದ ಲಕ್ಷಣ ಕಾಣಿಸುವವರೆಗಿನ ಕಾಲ. ಏರಿದ ಮೇಲೆ ಇಳಿಯದೆ ದಿನಗಟ್ಟಲೆ ಸಪಾಟಾಗಿ ಸಾಗಿದರೆ ಮೂಲ ಇನ್ನೂ ತೆರೆದೇ ಇದೆ. ಸೋರುವ ಕೊಳವೆಗೆ ಚರಂಡಿ ನೀರು ಸೇರಿದಾಗ ಹೀಗಾಗುತ್ತದೆ. ಅಲೆಯ ಹಿಂದೆ ಅಲೆ, ಒಂದಕ್ಕಿಂತ ಒಂದು ದೊಡ್ಡದು ಎಂದಾದರೆ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ. ದಡಾರದಲ್ಲಿ ಈ ಅಲೆಗಳ ನಡುವೆ ಸುಮಾರು 10ರಿಂದ 14 ದಿನಗಳ ಅಂತರವಿರುತ್ತದೆ. ಎರಡು ಆಕಾರಗಳು ಬೆರೆಯುವುದೂ ಉಂಟು. ವಾಂತಿಭೇದಿ ತರುವ ನೊರೊವೈರಸ್ ಮೊದಲು ಒಂದು ಊಟದಿಂದ ಬಂದು, ಆಮೇಲೆ ಉಂಡವರ ಮನೆಮಂದಿಗೆ ಹಬ್ಬುತ್ತದೆ.

ಸುಪ್ತಾವಧಿ ಗೊತ್ತಿದ್ದರೆ ಹಿಂದಕ್ಕೆ ಎಣಿಸಬಹುದು. ಆಹಾರದಲ್ಲಿ ಬೆಳೆದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ವಿಷವಾದರೆ ಸಾಮಾನ್ಯವಾಗಿ 1ರಿಂದ 6 ಗಂಟೆ, ನೊರೊವೈರಸ್ 12ರಿಂದ 48 ಗಂಟೆ, ಕಾಲರಾ ಕೆಲವು ಗಂಟೆಗಳಿಂದ 5 ದಿನ, ಕಾಮಾಲೆ ತರುವ ಹೆಪಟೈಟಿಸ್ ಎ 15ರಿಂದ 50 ದಿನ, ಸರಾಸರಿ 28. ಆಕಾರದ ಶಿಖರದಿಂದ, ಅಂದರೆ ಅತಿ ಹೆಚ್ಚು ಜನ ಕಾಯಿಲೆ ಬಿದ್ದ ದಿನದಿಂದ, ಸರಾಸರಿ ಸುಪ್ತಾವಧಿಯಷ್ಟು, ಮೊದಲ ರೋಗಿಯಿಂದ ಕನಿಷ್ಠ ಸುಪ್ತಾವಧಿಯಷ್ಟು ಹಿಂದೆ ಹೋದರೆ ಎರಡೂ ಬಹುಮಟ್ಟಿಗೆ ಒಂದೇ ದಿನದ ಹತ್ತಿರ ಕೂಡುತ್ತವೆ. ಕಾಮಾಲೆಯ ಪ್ರಕರಣದಲ್ಲಿ "ಈ ವಾರ ಏನು ತಿಂದಿರಿ" ಎಂದು ಕೇಳುವುದು ಎಷ್ಟು ವ್ಯರ್ಥ ಎಂಬುದು ಇದರಿಂದ ತಿಳಿಯುತ್ತದೆ. ಕೇಳಬೇಕಾದದ್ದು ಕಳೆದ ತಿಂಗಳ ಬಗ್ಗೆ. ರೋಗ ಯಾವುದೆಂದು ಇನ್ನೂ ತಿಳಿಯದಿದ್ದಾಗ ಇದೇ ಲೆಕ್ಕವನ್ನು ತಿರುಗಿಸಬಹುದು. ಎಲ್ಲರೂ ಒಟ್ಟಿಗೆ ಕುಳಿತದ್ದು ಒಂದೇ ಊಟಕ್ಕೆ, ಮೂರು ಗಂಟೆಯಲ್ಲಿ ವಾಂತಿ ಶುರುವಾಯಿತು ಎಂದರೆ ಹೊಟ್ಟೆ ಸೇರಿದ ಮೇಲೆ ಬೆಳೆದು ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಬಗ್ಗೆ ಯೋಚಿಸುವ ಮೊದಲು ವಿಷದ ಬಗ್ಗೆ ಯೋಚಿಸಿ. ಸ್ಟ್ಯಾಫಿಲೊಕಾಕಸ್ ವಿಷ ಶಾಖಕ್ಕೆ ಜಗ್ಗುವುದಿಲ್ಲ, ಆದ್ದರಿಂದ "ಮತ್ತೆ ಬಿಸಿ ಮಾಡಿಯೇ ಬಡಿಸಿದೆವು" ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಗುಂಪಿನಿಂದ ದೂರ ನಿಂತ ಚೌಕಗಳನ್ನು ಅಳಿಸಬೇಡಿ. ಎಲ್ಲರಿಗಿಂತ ಎರಡು ದಿನ ಮೊದಲು ಕಾಯಿಲೆ ಬಿದ್ದವರು ಅಡುಗೆಯವರಾಗಿರಬಹುದು. ಬ್ರಾಡ್ ಸ್ಟ್ರೀಟಿನಿಂದ ಬಹುದೂರ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬರು ಕಾಲರಾದಿಂದ ಸತ್ತದ್ದು ಮೊದಲಿಗೆ ಲೆಕ್ಕಕ್ಕೆ ಹೊಂದದ ಸಾವಾಗಿತ್ತು. ವಿಚಾರಿಸಿದಾಗ, ರುಚಿ ಹಿಡಿಸಿದ್ದರಿಂದ ಬ್ರಾಡ್ ಸ್ಟ್ರೀಟಿನ ನೀರನ್ನೇ ಬಾಟಲಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರೆಂದು ತಿಳಿಯಿತು.

5. ಉಂಡವರು, ಉಣ್ಣದವರು: ಎರಡೂ ಕಡೆ ಎಣಿಸಿ

ತನಿಖೆಯ ತಿರುಳು ಇದು. ಹೆಚ್ಚಿನ ತನಿಖೆಗಳು ಕೆಡುವುದೂ ಇಲ್ಲಿಯೇ. ಒಂದು ಊಹೆಯ ಉದಾಹರಣೆ: ಒಂದು ಊಟಕ್ಕೆ 120 ಜನ, ಅವರಲ್ಲಿ 52 ಮಂದಿಗೆ ಕಾಯಿಲೆ, ಅನುಮಾನ ಎರಡು ತಿನಿಸುಗಳ ಮೇಲೆ. ರೋಗಿಗಳನ್ನು ಮಾತ್ರ ಕೇಳಿದಾಗ 40 ಮಂದಿ, ಅಂದರೆ ಶೇ. 77ರಷ್ಟು, ಎರಡನೆಯ ತಿನಿಸನ್ನು ತಿಂದಿದ್ದರು. ಅಲ್ಲಿಗೇ ನಿಲ್ಲಿಸಿದರೆ ಆ ತಿನಿಸಿನ ಮೇಲೆ ಆರೋಪ ಹೊರಿಸಿ ಮನೆಗೆ ಹೋಗಬಹುದು. ಆರೋಗ್ಯವಾಗಿರುವ 68 ಮಂದಿಯನ್ನು ಕೇಳಿದರೆ ಅವರಲ್ಲೂ 50 ಮಂದಿ, ಸುಮಾರು ಶೇ. 74, ಅದನ್ನೇ ತಿಂದಿದ್ದಾರೆ! ಎಲ್ಲರೂ ಇಷ್ಟಪಟ್ಟು ತಿಂದ ತಿನಿಸು ಅದು, ಅಷ್ಟೇ.

ಈಗ ಮೊದಲ ತಿನಿಸನ್ನು ನೋಡಿ. ತಿಂದವರು 80, ಅವರಲ್ಲಿ ಕಾಯಿಲೆ ಬಿದ್ದವರು 48, ಅಂದರೆ ಶೇ. 60. ತಿನ್ನದವರು 40, ಅವರಲ್ಲಿ ಕಾಯಿಲೆ 4 ಮಂದಿಗೆ, ಶೇ. 10. ಹೀಗೆ ಒಂದು ಗುಂಪಿನಲ್ಲಿ ಎಷ್ಟು ಭಾಗಕ್ಕೆ ಕಾಯಿಲೆ ಬಂತು ಎಂಬುದೇ ದಾಳಿ ಪ್ರಮಾಣ. 60ನ್ನು 10ರಿಂದ ಭಾಗಿಸಿದರೆ 6: ಇದನ್ನು ತಿಂದವರಿಗೆ ಅಪಾಯ ಆರು ಪಟ್ಟು. ಎರಡನೆಯ ತಿನಿಸಿಗೆ ಇದೇ ಲೆಕ್ಕ ಹಾಕಿದರೆ ತಿಂದ 90 ಮಂದಿಯಲ್ಲಿ 40, ತಿನ್ನದ 30 ಮಂದಿಯಲ್ಲಿ 12, ಸುಮಾರು ಶೇ. 44 ಮತ್ತು ಶೇ. 40. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಬಹುದು.

ಮೊದಲ ತಿನಿಸು ತಿನ್ನದೆಯೂ ಕಾಯಿಲೆ ಬಿದ್ದ ನಾಲ್ವರನ್ನು ಮುಚ್ಚಿಡಬೇಡಿ. ಬಡಿಸುವ ಸೌಟು ಒಂದರಿಂದ ಇನ್ನೊಂದಕ್ಕೆ ಹೋಗಿರಬಹುದು, ತಿಂದದ್ದು ಮರೆತಿರಬಹುದು, ಬೇರೆ ಕಾರಣದ ಹೊಟ್ಟೆನೋವೂ ಇರಬಹುದು.

ಊಟಕ್ಕೆ ಬಂದವರ ಪಟ್ಟಿ ಸಿಗುವ ಕಡೆ ಈ ಲೆಕ್ಕ ಸುಲಭ. ಇಡೀ ಪಟ್ಟಣದಲ್ಲಿ ಹರಡಿದಾಗ ಎಲ್ಲರನ್ನೂ ಕೇಳಲಾಗುವುದಿಲ್ಲ. ಆಗ ಪ್ರತಿ ರೋಗಿಗೆ ಅದೇ ವಯಸ್ಸಿನ, ಅದೇ ನೆರೆಹೊರೆಯ, ಕಾಯಿಲೆ ಇಲ್ಲದ ಒಬ್ಬರಿಂದ ನಾಲ್ವರನ್ನು ಆರಿಸಿ ಅವೇ ಪ್ರಶ್ನೆಗಳನ್ನು ಕೇಳಬೇಕು; ನಾಲ್ವರನ್ನು ದಾಟಿದರೆ ಶ್ರಮಕ್ಕೆ ತಕ್ಕ ಲಾಭವಿಲ್ಲ. ಪ್ರಶ್ನೆಯ ಮಾತು, ಕೇಳುವ ತಾಳ್ಮೆ ಎರಡೂ ಕಡೆ ಒಂದೇ ಇರಬೇಕು. ರೋಗಿಯನ್ನು ಅರ್ಧ ಗಂಟೆ ಕೆದಕಿ ಕೇಳಿ, ಆರೋಗ್ಯವಂತರನ್ನು ನಿಂತ ನಿಲುವಿನಲ್ಲಿ ಕೇಳಿದರೆ ರೋಗಿಗೆ ಎಲ್ಲವೂ ನೆನಪಾಗುತ್ತದೆ, ಇನ್ನೊಬ್ಬರಿಗೆ ಏನೂ ನೆನಪಾಗುವುದಿಲ್ಲ. ಆಗ ಸಿಗುವ ವ್ಯತ್ಯಾಸ ರೋಗದ್ದಲ್ಲ, ನಿಮ್ಮದು.

ಲಸಿಕೆಯ ವಿಷಯದಲ್ಲಿ ಈ ಲೆಕ್ಕ ಬಿಟ್ಟರೆ ಅನಾಹುತವೇ ಆಗುತ್ತದೆ. ಮತ್ತೆ ಊಹೆಯ ಸಂಖ್ಯೆ: 1000 ಮಕ್ಕಳು, 950 ಮಂದಿಗೆ ದಡಾರದ ಎರಡೂ ಡೋಸ್ ಆಗಿದೆ. ಎರಡು ಡೋಸ್ ಸುಮಾರು ಶೇ. 97ರಷ್ಟು ರಕ್ಷಣೆ ಕೊಡುತ್ತವೆ. ಎಲ್ಲರಿಗೂ ಸೋಂಕು ಎದುರಾಯಿತು ಎನ್ನೋಣ. ಲಸಿಕೆ ಪಡೆದವರಲ್ಲಿ ಸುಮಾರು 28 ಮಕ್ಕಳಿಗೆ ರೋಗ, ಪಡೆಯದ 50ರಲ್ಲಿ 45 ಮಕ್ಕಳಿಗೆ. ಒಟ್ಟು 73 ರೋಗಿಗಳಲ್ಲಿ 28 ಮಂದಿ, ಅಂದರೆ ಶೇ. 38, ಲಸಿಕೆ ಪಡೆದವರೇ ಎಂಬ ಸುದ್ದಿ ಹಬ್ಬಲು ಅರ್ಧ ದಿನ ಸಾಕು. ಲಸಿಕೆ ಪಡೆದು ಕಾಯಿಲೆ ಬೀಳದೆ ಉಳಿದ 922 ಮಕ್ಕಳ ಮಾತು ಯಾರೂ ಎತ್ತುವುದಿಲ್ಲ. ನಿಜವಾದ ಹೋಲಿಕೆ ಶೇ. 3 ಮತ್ತು ಶೇ. 90ರ ನಡುವಿನದು.

6. ಮಾದರಿ ಸಂಗ್ರಹ

ಆ್ಯಂಟಿಬಯೋಟಿಕ್ ಕೊಡುವ ಮೊದಲೇ ಮಾದರಿ ತೆಗೆಯಿರಿ. ಕಾಲರಾ ಶಂಕೆಯಿದ್ದರೆ ಮಲದ ಮಾದರಿಯನ್ನು, ದಾರಿಯಲ್ಲಿ ರೋಗಾಣು ಸಾಯದಂತೆ ಕಾಯುವ ಕ್ಯಾರಿ ಬ್ಲೇರ್ ಮಾಧ್ಯಮದಲ್ಲಿ ಕಳುಹಿಸಬೇಕು. ಡೆಂಗಿಯಾದರೆ ಜ್ವರದ ಮೊದಲ ಐದು ದಿನ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ಪರೀಕ್ಷೆ, ಆನಂತರ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ. ದಿನ ತಪ್ಪಿದರೆ ರೋಗವಿದ್ದರೂ ಫಲಿತಾಂಶ "ಇಲ್ಲ" ಎಂದು ಬರಬಹುದು. ಎಲ್ಲ ರೋಗಿಗಳ ಮಾದರಿ ಬೇಕಿಲ್ಲ, ಆರಂಭದ ಕೆಲವರದು ಸಿಕ್ಕಿದರೆ ಸಾಕು. ಉಳಿದ ಊಟದ ಮಾದರಿಯಲ್ಲಿ ಏನೂ ಸಿಗಲಿಲ್ಲವೆಂದರೆ ಊಟ ನಿರ್ದೋಷಿ ಎಂದಲ್ಲ: ಕೆಟ್ಟ ಪಾತ್ರೆ ಅಷ್ಟರಲ್ಲಿ ತೊಳೆದುಹೋಗಿರುತ್ತದೆ.

7. ಫಲಿತಾಂಶಕ್ಕೆ ಕಾಯದೆ ತಡೆಯಿರಿ

ಕಾಲರಾ ರೋಗಾಣುವನ್ನು ರಾಬರ್ಟ್ ಕಾಖ್ ಗುರುತಿಸಿ ತೋರಿಸಿದ್ದು 1880ರ ದಶಕದಲ್ಲಿ. ಸ್ನೋ ಮಾತು ಕೇಳಿ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಕೆ ತೆಗೆದದ್ದು 1854ರ ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ರೋಗ ಇಳಿಮುಖವಾಗಿತ್ತು ಎಂಬುದೂ ನಿಜ, ಸ್ನೋ ತಾನೇ ಅದನ್ನು ಒಪ್ಪಿಕೊಂಡಿದ್ದರು. ಆದರೂ ರೋಗಾಣು ಕಾಣದೆಯೇ ದಾರಿ ಕಡಿಯಬಹುದು ಎಂಬುದಕ್ಕೆ ಅದು ಮಾದರಿ. ಕಡಿಯಬಹುದಾದ ಜಾಗಗಳು ಮೂರು: ಮೂಲ, ಹರಡುವ ದಾರಿ, ಸೋಂಕು ತಗುಲಬಹುದಾದ ಜನ.

ನೀರಿನ ಮೇಲೆ ಅನುಮಾನವಿದ್ದರೆ ಅಂದೇ ಕ್ಲೋರಿನ್. ಹಾಕಿ ಕನಿಷ್ಠ 30 ನಿಮಿಷ ಕಳೆದ ಮೇಲೆ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಮನೆಯ ನಲ್ಲಿಯಲ್ಲಿ 0.2ಕ್ಕಿಂತ ಕಡಿಮೆಯಾಗಬಾರದು. ನೀರು ಕದಡಿದ್ದರೆ ಮೊದಲು ತಿಳಿಯಾಗಿಸಿ, ಇಲ್ಲದಿದ್ದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ. ಟ್ಯಾಂಕಿಗೆ ಹಾಕಿ ಬಂದೆವು ಎನ್ನುವವರ ಮಾತಿಗಿಂತ ಕೊನೆಯ ಮನೆಯ ನಲ್ಲಿಯಲ್ಲಿ ಅಳೆದ ಸಂಖ್ಯೆಯನ್ನು ನಂಬಿ.

ವಾಂತಿಭೇದಿಯಲ್ಲಿ ಜೀವ ಉಳಿಸುವುದು ಕಳೆದುಹೋದ ನೀರು, ಲವಣಗಳನ್ನು ತುಂಬಿಕೊಡುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ವೈದ್ಯ ದಿಲೀಪ್ ಮಹಲನೊಬಿಸ್ ಸಕ್ಕರೆ ಮತ್ತು ಲವಣ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು. ನೀರೂ ನಿಲ್ಲದಷ್ಟು ವಾಂತಿ, ಮಂಪರು, ಗುಳಿಬಿದ್ದ ಕಣ್ಣು ಕಂಡರೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ನೊರೊವೈರಸ್ ಆಲ್ಕೋಹಾಲ್ ಸ್ಯಾನಿಟೈಸರಿಗೆ ಸುಲಭವಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡು ಉಜ್ಜುವುದೇ ಬೇಕು. ನೆಲ, ಹಿಡಿಕೆಗಳಿಗೆ ಕ್ಲೋರಿನ್ ದ್ರಾವಣ. ಅಡುಗೆಯವರು ವಾಂತಿಭೇದಿ ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು. ಆ ಎರಡು ದಿನದ ಕೂಲಿ ಕೊಡದಿದ್ದರೆ ಅವರು ಕಾಯಿಲೆಯನ್ನು ಬಚ್ಚಿಟ್ಟು ಬಂದೇ ಬರುತ್ತಾರೆ, ಅದಕ್ಕೆ ಅವರನ್ನು ಬೈದು ಉಪಯೋಗವಿಲ್ಲ.

ಡೆಂಗಿಯ ಕಾಲದಲ್ಲಿ ಹೊಗೆ ಯಂತ್ರದ ಮೆರವಣಿಗೆ ಎಲ್ಲರಿಗೂ ಪ್ರಿಯ, ಛಾಯಾಚಿತ್ರಕ್ಕೂ ಚೆನ್ನ. ಹೊಗೆ ಸಾಯಿಸುವುದು ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನಿಂತ ನೀರಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಬೆಚ್ಚಗಿನ ದಿನಗಳಲ್ಲಿ ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಎನ್ನುವುದು. ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆಯನ್ನು ಉಜ್ಜಬೇಕು. ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೂ ನೀರು ತಾಗಿದಾಗ ಮತ್ತೆ ಜೀವ ತಳೆಯುತ್ತವೆ.

ಉಸಿರಿನಿಂದ ಹರಡುವ ರೋಗಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ರೋಗಿ ಇತರರಿಗೆ ಅಂಟಿಸಲು ಆರಂಭಿಸುವುದು ಲಕ್ಷಣ ಕಾಣುವ ಮೊದಲೋ, ಆಮೇಲೋ? 2003ರ ಸಾರ್ಸ್ 8,000ಕ್ಕೂ ಹೆಚ್ಚು ಜನರಿಗೆ ತಗುಲಿ 774 ಮಂದಿಯನ್ನು ಬಲಿ ತೆಗೆದುಕೊಂಡಿತು. ಆದರೆ ಅದು ಹೆಚ್ಚಾಗಿ ಹರಡುತ್ತಿದ್ದುದು ಲಕ್ಷಣ ತೀವ್ರವಾದ ಮೇಲೆ. ಜ್ವರ ಬಂದವರನ್ನು ಹುಡುಕಿ ಪ್ರತ್ಯೇಕಿಸಿದ್ದರಿಂದಲೇ ಲಸಿಕೆಯಿಲ್ಲದೆ ಅದೇ ಜುಲೈ ಹೊತ್ತಿಗೆ ಹರಡುವಿಕೆ ನಿಂತಿತು. ಕೋವಿಡ್‌ನಲ್ಲಿ ಲಕ್ಷಣ ಕಾಣುವ ಮೊದಲೇ ಸೋಂಕು ಸಾಗುತ್ತಿತ್ತು, ಹಾಗಾಗಿ ಅದೇ ಉಪಾಯ ಸಾಲಲಿಲ್ಲ. ರೋಗಿಯನ್ನು ಬೇರೆ ಇರಿಸುವುದು ಪ್ರತ್ಯೇಕವಾಸ. ರೋಗಿಯ ಸಂಪರ್ಕಕ್ಕೆ ಬಂದ, ಇನ್ನೂ ಆರೋಗ್ಯವಾಗಿರುವವರನ್ನು ಸುಪ್ತಾವಧಿ ಮುಗಿಯುವವರೆಗೆ ಬೇರೆ ಇರಿಸುವುದು ಕ್ವಾರಂಟೈನ್. ಎರಡನ್ನೂ ಒಂದೇ ಕೋಣೆಯಲ್ಲಿ ಮಾಡಿದರೆ ಆರೋಗ್ಯವಂತರನ್ನೂ ನೀವೇ ರೋಗಿಗಳನ್ನಾಗಿಸುತ್ತೀರಿ.

ದಡಾರದ ರೋಗಿ ದದ್ದು ಏಳುವ ನಾಲ್ಕು ದಿನ ಮೊದಲಿನಿಂದ, ಎದ್ದ ನಾಲ್ಕು ದಿನದವರೆಗೆ ಅಂಟಿಸುತ್ತಾರೆ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ತಗುಲಬಲ್ಲ ರೋಗ ಇದು. ಎದುರಾಗಿ 72 ಗಂಟೆಯೊಳಗೆ ಲಸಿಕೆ ಸಿಕ್ಕರೆ ಸಂಪರ್ಕಿತರನ್ನು ಕಾಪಾಡಬಹುದು. ಸಮುದಾಯದಲ್ಲಿ ಶೇ. 95ರಷ್ಟು ಮಂದಿಗೆ ಎರಡೂ ಡೋಸ್ ಬೇಕೆನ್ನುವುದು ಇದೇ ಕಾರಣಕ್ಕೆ. ಸರಾಸರಿಯನ್ನು ಮಾತ್ರ ನೋಡಿ ಸಮಾಧಾನಪಡಬೇಡಿ, ಲಸಿಕೆ ತಲುಪದವರೆಲ್ಲ ಒಂದೇ ಓಣಿಯಲ್ಲಿದ್ದರೆ ರೋಗಕ್ಕೆ ಅಷ್ಟೇ ಸಾಕು.

8. ಜನರೊಂದಿಗೆ ಮಾತು

ತಿಳಿದದ್ದು ಇಷ್ಟು, ತಿಳಿಯಬೇಕಾದದ್ದು ಇಷ್ಟು, ನೀವು ಇಂದು ಮಾಡಬೇಕಾದದ್ದು ಇಷ್ಟು ಎಂದು ದಿನಕ್ಕೊಮ್ಮೆ, ಒಂದೇ ಬಾಯಿಂದ ಹೇಳಿಸಿ. ಯಾವುದೇ ಜಾತಿ, ಧರ್ಮ, ವಲಸಿಗರ ಗುಂಪಿನ ಹೆಸರು ಎತ್ತಬೇಡಿ; ಬೆರಳು ತೋರಿಸಿದ ದಿನದಿಂದ ಆ ಗುಂಪಿನ ರೋಗಿಗಳು ನಿಮ್ಮ ಪಟ್ಟಿಗೆ ಸಿಗುವುದಿಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾದಿಂದ 11,000ಕ್ಕೂ ಹೆಚ್ಚು ಜನ ಸತ್ತರು. ಶವವನ್ನು ಮುಟ್ಟಿ ತೊಳೆಯುವಾಗ ಸೋಂಕು ಹರಡುತ್ತಿತ್ತು ನಿಜ. ಆದರೆ ಬಂಧುಗಳನ್ನು ದೂರ ತಳ್ಳಿ ಶವ ಒಯ್ದಾಗ ಜನ ರಾತ್ರಿ ಗುಟ್ಟಾಗಿ ಹೂಳತೊಡಗಿದರು. ಪ್ರಾರ್ಥನೆಗೆ, ದೂರದಿಂದ ಮುಖ ನೋಡುವುದಕ್ಕೆ ಅವಕಾಶವಿಟ್ಟು ಸುರಕ್ಷಿತ ಅಂತ್ಯಸಂಸ್ಕಾರದ ಕ್ರಮ ರೂಪಿಸಿದ ಮೇಲೆ ಸಹಕಾರ ಹೆಚ್ಚಿತು.

9. ಮುಗಿಯಿತು ಎನ್ನುವುದು ಯಾವಾಗ

ಹೊಸ ರೋಗಿ ಎರಡು ದಿನ ಬರಲಿಲ್ಲವೆಂದು ಡೇರೆ ಕಿತ್ತುಬಿಡುವುದುಂಟು. ಸಾಮಾನ್ಯ ನಿಯಮ: ಗರಿಷ್ಠ ಸುಪ್ತಾವಧಿಯ ಎರಡು ಪಟ್ಟು ಕಾಲ ಹೊಸ ಪ್ರಕರಣ ಇರಬಾರದು. ಎಬೋಲಾದ ಗರಿಷ್ಠ ಸುಪ್ತಾವಧಿ 21 ದಿನ, ಆದ್ದರಿಂದ 42 ದಿನ ಕಾಯುತ್ತಾರೆ. ಘೋಷಣೆಯಾದ ಮೇಲೂ 90 ದಿನ ಹೆಚ್ಚುವರಿ ನಿಗಾ ಇಡಲಾಗುತ್ತದೆ, ಏಕೆಂದರೆ ಗುಣಮುಖರಾದ ಕೆಲವರ ವೀರ್ಯದಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. ಈ ಅವಧಿಯಲ್ಲೇ ವರದಿ ಬರೆದು ಮುಗಿಸಿ: ಪ್ರಕರಣದ ವ್ಯಾಖ್ಯಾನ, ದಿನಗಳ ನಕ್ಷೆ, ದಾಳಿ ಪ್ರಮಾಣದ ಕೋಷ್ಟಕ, ಯಾವ ದಿನ ಯಾವ ಕ್ರಮ ಕೈಗೊಂಡಿರಿ ಎಂಬುದು, ಉತ್ತರ ಸಿಗದ ಪ್ರಶ್ನೆಗಳು. ಒಂದು ಪ್ರತಿಯನ್ನು ನೀರು ಸರಬರಾಜಿನವರಿಗೋ ಅಡುಗೆಮನೆಯವರಿಗೋ, ಯಾರು ಕೊಳವೆ ಅಥವಾ ಪದ್ಧತಿ ಬದಲಿಸಬೇಕೋ ಅವರಿಗೆ ಕೊಟ್ಟು, ಯಾವ ದಿನಾಂಕದೊಳಗೆ ಬದಲಿಸುತ್ತೀರಿ ಎಂದು ಬರೆಸಿಕೊಳ್ಳಿ.